ತಲೆಗೆ ಎರಡು ಟನ್

ಹೆಚ್ಚುಕಡಿಮೆ ಪ್ರತಿ ನವೆಂಬರಿನಲ್ಲಿ ಜಗತ್ತಿನ ಯಾವುದೋ ಊರಿನಲ್ಲಿ ಹವಾಮಾನ ಸಮ್ಮೇಳನ ನಡೆಯುತ್ತದೆ. ಆ ದಿನಗಳಲ್ಲಿ ಇಲ್ಲಿ ಉಡುಪಿಯಲ್ಲಿ ಅದೇ ಒಂದು ಮಾತು ಮತ್ತೆ ಕೇಳಿ ಬರುತ್ತದೆ. ಹೋಟೆಲಿನಲ್ಲಿ ಪಕ್ಕದ ಟೇಬಲಿನವರು ಹೇಳುತ್ತಾರೆ. ಬ್ಯಾಂಕಿನಲ್ಲಿ ಜೊತೆಗೆ ಕೆಲಸ ಮಾಡಿದವರು ಹೇಳುತ್ತಾರೆ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಂತೂ ಯಾರಾದರೂ ಒಬ್ಬರು ಹಾಕಿಯೇ ಹಾಕುತ್ತಾರೆ. "ಇನ್ನೂರು ವರ್ಷ ಹೊಗೆ ಬಿಟ್ಟವರು ಅವರು. ಈಗ ನಮಗೆ ಬುದ್ಧಿ ಹೇಳುದಾ ಮಾರಾಯ್ರೆ?" ಮಾತು ಸರಿಯಾಗಿಯೇ ಇದೆ. ನನಗೆ ಕಿರಿಕಿರಿಯಾಗುವುದು ಅದು ಹೇಳಿ ಆದ ಮೇಲೆ. ಇನ್ನು ಮಾತಾಡಲು ಏನೂ ಉಳಿದಿಲ್ಲ ಎಂಬ ಹಾಗೆ ಎಲ್ಲರೂ ಎದ್ದು ಕೈ ತೊಳೆಯಲು ಹೋಗುತ್ತಾರೆ.

ಇಡೀ ಕೆಲಸದ ಅವಧಿ ಲೆಡ್ಜರ್ ನೋಡಿಯೇ ಕಳೆದವನು ನಾನು. ಲೆಕ್ಕ ನೋಡದೆ ಸಮಾಧಾನ ಆಗುವುದಿಲ್ಲ. ಇವತ್ತು ಅತಿ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಬಿಡುವ ದೇಶ ಚೀನಾ, ಜಗತ್ತಿನ ಒಟ್ಟಿನಲ್ಲಿ ಸುಮಾರು ಮೂರನೇ ಒಂದು ಪಾಲು. ಎರಡನೆಯದು ಅಮೆರಿಕ. ಮೂರನೆಯದು ಭಾರತ, ಸುಮಾರು ಶೇ 8. ಮೂರನೇ ಸ್ಥಾನ ಎಂದಾಗ ಹೊರಗಿನವರು ನಮ್ಮ ಕಡೆ ಬೆರಳು ತೋರಿಸುತ್ತಾರೆ. ಆದರೆ ಅದನ್ನೇ ತಲೆ ಎಣಿಸಿ ಭಾಗಿಸಿದರೆ ಚಿತ್ರವೇ ಬೇರೆ. ಅಮೆರಿಕದವನಿಗೆ ವರ್ಷಕ್ಕೆ ಸುಮಾರು 14 ಟನ್, ಚೀನಾದವನಿಗೆ ಸುಮಾರು 8, ಜಗತ್ತಿನ ಸರಾಸರಿ ಐದಕ್ಕೆ ಸ್ವಲ್ಪ ಕಡಿಮೆ, ನಮಗೆ ಸುಮಾರು 2. ಇನ್ನು ಹಳೆಯ ಬಾಕಿ ತೆಗೆದರೆ ಮತ್ತೂ ದೊಡ್ಡ ಅಂತರ. ಕಲ್ಲಿದ್ದಲಿನ ಕಾರ್ಖಾನೆಗಳು ಶುರುವಾದ ಕಾಲದಿಂದ ಇಲ್ಲಿಯವರೆಗೆ ಗಾಳಿಗೆ ಸೇರಿದ ಕಾರ್ಬನ್ನಿನಲ್ಲಿ ಸುಮಾರು ಕಾಲು ಭಾಗ ಅಮೆರಿಕದ್ದು. ಭಾರತದ್ದು ಶೇ 3ರ ಆಸುಪಾಸು. ಜಗತ್ತಿನ ಆರು ಜನರಲ್ಲಿ ಒಬ್ಬರಿಗಿಂತ ಜಾಸ್ತಿ ಇಲ್ಲಿ ಇದ್ದೇವೆ ಎಂಬುದು ನೆನಪಿರಲಿ. ಈ ಅನಿಲ ಒಮ್ಮೆ ಮೇಲೆ ಹೋದರೆ ಅದರಲ್ಲಿ ಒಂದು ಪಾಲು ಶತಮಾನಗಳ ಕಾಲ ಅಲ್ಲೇ ಕೂರುತ್ತದೆ. ಹಾಗಾಗಿ ಹಳೆಯದನ್ನು ಮರೆಯೋಣ ಎನ್ನುವುದು ಸಾಲಗಾರ ಹೇಳುವ ಮಾತು.

1992ರಲ್ಲಿ ರಿಯೋದಲ್ಲಿ ಒಪ್ಪಂದ ಆದಾಗ ಇದನ್ನು ಎಲ್ಲರೂ ಒಪ್ಪಿದ್ದರು. ಹೊಣೆ ಎಲ್ಲರದ್ದು, ಆದರೆ ಎಲ್ಲರದ್ದೂ ಒಂದೇ ಅಳತೆಯದ್ದಲ್ಲ ಎಂದು ಬರೆದು ಸಹಿ ಹಾಕಿದರು. 1997ರಲ್ಲಿ ಕ್ಯೋಟೋದಲ್ಲಿ ಶ್ರೀಮಂತ ದೇಶಗಳು ಮೊದಲು ಕಡಿತ ಮಾಡಬೇಕು ಎಂದು ತೀರ್ಮಾನವಾಯಿತು. ಆ ಸಭೆ ಸೇರುವ ಮೊದಲೇ, ಅದೇ ವರ್ಷದ ಜುಲೈಯಲ್ಲಿ, ಅಮೆರಿಕದ ಸೆನೆಟ್ 95ಕ್ಕೆ 0 ಮತದಿಂದ ಒಂದು ಗೊತ್ತುವಳಿ ಮಾಡಿ ಇಟ್ಟಿತ್ತು. ಬಡ ದೇಶಗಳಿಗೂ ಅದೇ ಅವಧಿಯಲ್ಲಿ ಕಟ್ಟು ಹಾಕದಿದ್ದರೆ ನಾವು ಸಹಿ ಹಾಕಬಾರದು ಅಂತ. ಒಂದು ವಿರೋಧ ಮತವೂ ಇಲ್ಲ ನೋಡಿ. ಆಮೇಲೆ ಅವರು ಕ್ಯೋಟೋ ಒಪ್ಪಂದವನ್ನು ಅನುಮೋದಿಸಲೇ ಇಲ್ಲ. ಕೆನಡಾ ಒಳಗೆ ಬಂದು 2011ರಲ್ಲಿ ಹೊರಗೆ ಹೋಗುವ ತೀರ್ಮಾನ ಮಾಡಿತು. ಪ್ಯಾರಿಸ್ ಒಪ್ಪಂದಕ್ಕೆ ಅಮೆರಿಕ ಸೇರಿತು, 2020ರಲ್ಲಿ ಹೊರಬಿತ್ತು, 2021ರಲ್ಲಿ ಮತ್ತೆ ಸೇರಿತು, 2025ರ ಜನವರಿಯಲ್ಲಿ ಮತ್ತೆ ಹೊರಡುವ ಆದೇಶಕ್ಕೆ ಸಹಿ ಬಿತ್ತು. ಇಷ್ಟು ನೋಡಿದ ಮೇಲೂ ಭಾರತ ಸುಮ್ನೆ ತಲೆ ತಗ್ಗಿಸಿ ಕೂರಬೇಕು ಎನ್ನುವವರ ಜೊತೆ ನನಗೆ ಮಾತಿಲ್ಲ.

ಗದ್ದೆಯ ವಿಷಯಕ್ಕೆ ಬಂದರೆ ನನಗೆ ಇನ್ನೂ ಸಿಟ್ಟು. 1990ರಲ್ಲಿ ಅಮೆರಿಕದ ಒಂದು ಸಂಸ್ಥೆ ಹಸಿರುಮನೆ ಅನಿಲ ಬಿಡುವವರ ಪಟ್ಟಿ ಮಾಡಿತು. ಮೊದಲ ಐದರಲ್ಲಿ ಭಾರತ, ಚೀನಾ, ಬ್ರೆಜಿಲ್ ಬಂದವು. ನೀರು ನಿಂತ ಗದ್ದೆಯಿಂದ, ದನಗಳಿಂದ ಬರುವ ಮೀಥೇನನ್ನೂ ಕೂಡಿಸಿದ್ದರು. 1991ರಲ್ಲಿ ದೆಹಲಿಯ ಪರಿಸರ ತಜ್ಞರಾದ ಅನಿಲ್ ಅಗರ್ವಾಲ್ ಮತ್ತು ಸುನಿತಾ ನಾರಾಯಣ್ ಇದಕ್ಕೆ ಜವಾಬು ಬರೆದರು. ಅವರ ಪ್ರಶ್ನೆ ಸರಳವಾಗಿತ್ತು. ಬದುಕಲು ಬಿಡುವ ಹೊಗೆಯನ್ನೂ ಷೋಕಿಗೆ ಬಿಡುವ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ಇಡುವುದಾ? ಬೈಲು ಗದ್ದೆಯಲ್ಲಿ ಮೊಣಕಾಲು ಕೆಸರಿನಲ್ಲಿ ನಿಂತು ಮಳೆಗಾಲದ ಏಣೆಲು ಬೆಳೆ ನೆಟ್ಟವಳ ಮೀಥೇನ್ ಮತ್ತು ಅಮೆರಿಕದ ಮನೆಯೊಂದರ ಎರಡನೇ ಕಾರಿನ ಹೊಗೆ, ಎರಡೂ ಒಂದೇ ಕಾಲಮ್ಮಿನಲ್ಲಿ. (ಈಗ ನಮ್ಮ ಕಡೆ ಅರ್ಧಕ್ಕರ್ಧ ಗದ್ದೆ ಬೇಸಾಯವಿಲ್ಲದೆ ಹಡಿಲು ಬಿದ್ದಿದೆ. ಮೀಥೇನ್ ಕಡಿಮೆಯಾದದ್ದಕ್ಕೆ ಇಲ್ಲಿಯವರೆಗೆ ಯಾರೂ ಶಾಲು ಹೊದಿಸಿಲ್ಲ.) ಮೂವತ್ತು ವರ್ಷದಿಂದ ಭಾರತದ ಪ್ರತಿನಿಧಿಗಳು ಹೊರಗೆ ಹೋಗಿ ವಾದ ಮಾಡುವುದು ಬಹುಮಟ್ಟಿಗೆ ಆ ಪ್ರಶ್ನೆಯನ್ನೇ ಹಿಡಿದುಕೊಂಡು.

ಪ್ರಶ್ನೆ ಒಳ್ಳೆಯದು. ಆದರೆ ಅದನ್ನು ನಾವು ವಿಮಾನ ಹತ್ತಿಸಿ ಕಳಿಸುತ್ತೇವೆ, ವಾಪಸ್ ಬರುವಾಗ ಬಜ್ಪೆಯಲ್ಲಿ ಇಳಿಸಿಕೊಳ್ಳುವುದಿಲ್ಲ.

ದೈವದ ಮನೆಯ ವಂತಿಗೆ

ಹೀಗೆ ಯೋಚಿಸುವಾಗೆಲ್ಲ ನನಗೆ ನಮ್ಮ ಕುಟುಂಬದ ಒಂದು ಸಭೆ ನೆನಪಾಗುತ್ತದೆ. ಕೆಲವು ವರ್ಷಗಳ ಹಿಂದಿನ ಮಾತು. ದೈವದ ಮನೆಯ ಮಾಡು ಸೋರುತ್ತಿತ್ತು, ಪಕ್ಕಾಸಿಗೆ ಗೆದ್ದಲು ಹಿಡಿದಿತ್ತು. ಜೀರ್ಣೋದ್ಧಾರ ಮಾಡದೆ ಉಪಾಯವಿಲ್ಲ ಎಂದು ಜ್ಯೋತಿಷಿಯಲ್ಲಿ ಪ್ರಶ್ನೆ ಇಟ್ಟಾಗಲೂ ಕಂಡುಬಂತು. ಒಂದು ಭಾನುವಾರ ಎಲ್ಲ ಕವರಿನವರೂ, ಅಂದರೆ ಕುಟುಂಬದ ಎಲ್ಲ ಕವಲುಗಳವರೂ, ಸೇರಿದರು. ಬೊಂಬಾಯಿಯಿಂದ ಬಂದವರಿದ್ದರು, ಕಾರ್ಕಳದಿಂದ, ಕಾಪುವಿನಿಂದ, ಸುರತ್ಕಲ್ಲಿನಿಂದ. ಬ್ಯಾಂಕಿನವನು ಎಂಬ ಕಾರಣಕ್ಕೆ ಬರೆದುಕೊಳ್ಳುವ ಪುಸ್ತಕ ನನ್ನ ಕೈಗೆ ಬಂತು. ಕಟ್ಟಬೇಕು ಎನ್ನುವುದಕ್ಕೆ ಯಾರ ತಕರಾರೂ ಇರಲಿಲ್ಲ. ಅದು ಹತ್ತು ನಿಮಿಷದಲ್ಲಿ ಮುಗಿಯಿತು. ದುಡ್ಡು ಹೇಗೆ ಹಂಚುವುದು ಎಂಬಲ್ಲಿಗೆ ಬರುವಾಗ ಊಟದ ಹೊತ್ತಾಗಿತ್ತು. ಊಟ ಮಾಡಿ ಮತ್ತೆ ಕೂತೆವು.

ಮಾತೆಲ್ಲ ತುಳುವಿನಲ್ಲಿ ನಡೆದದ್ದು. ಕವರಿಗೆ ಇಂತಿಷ್ಟು ಎಂದು ಸಮ ಹಾಕಿ ಎಂದರು ಕೆಲವರು. ಅವರ ಕವರಿನಲ್ಲಿ ಜನ ಜಾಸ್ತಿ, ಹಂಚಿಕೊಂಡರೆ ಹಗುರ. ತಲೆಗೆ ಇಷ್ಟು ಎಂದು ಹಾಕಿ ಎಂದರು ಜನ ಕಡಿಮೆ ಇದ್ದವರು. ಇದ್ದವರು ಜಾಸ್ತಿ ಕೊಡಲಿ ಎಂದರು ಇಲ್ಲದವರು. ಅಷ್ಟರಲ್ಲಿ ಹಿಂದಿನಿಂದ ಒಬ್ಬರು ಹಳೆಯ ಕಡತ ತೆಗೆದರು. ಒಂದು ಕವರಿನವರು ನಲವತ್ತು ವರ್ಷ ಆ ಮನೆಯಲ್ಲೇ ಇದ್ದವರು. ಜಾಗದಲ್ಲಿದ್ದ ಹಲಸಿನ ಮರಗಳನ್ನು ಕಡಿದು ಮಾರಿದ್ದರು. "ಮರ ಮಾರಿದವರು ಮೊದಲು ಅದರ ದುಡ್ಡು ಇಡಲಿ" ಎಂದರು. ಆ ಕವರಿನ ಹುಡುಗ, ಹುಡುಗ ಅಂದರೆ ಐವತ್ತು ವರ್ಷದವ, ಎದ್ದು ನಿಂತ. "ಕಡಿದದ್ದು ಅಜ್ಜ. ನಾನು ಹುಟ್ಟಿರಲಿಲ್ಲ. ಆ ಮರ ದೈವದ ಮನೆಗೆ ಬೇಕಾಗ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು?" ಅಂದ. ಮೂಲೆಯಿಂದ ಜವಾಬು ಬಂತು. "ಆ ದುಡ್ಡಿನಲ್ಲೇ ಅಲ್ವಾ ನಿನ್ನ ದೊಡ್ಡ ಮಾವ ಬೊಂಬಾಯಿಗೆ ಹೋಗಿ ಹೋಟೆಲು ಹಾಕಿದ್ದು? ಆ ಹೋಟೆಲು ಈಗ ಯಾರ ಹೆಸರಲ್ಲಿ ಉಂಟು?"

ರಿಯೋ, ಕ್ಯೋಟೋ, ಪ್ಯಾರಿಸ್ ಎಂದು ನಾನು ಓದಿದ್ದ ವಾದಗಳೆಲ್ಲ ಆ ಚಾವಡಿಯಲ್ಲಿ ಒಂದೇ ಮಧ್ಯಾಹ್ನದಲ್ಲಿ ಮುಗಿದುಹೋದವು. ಆದರೆ ನಾನು ಹೇಳಲು ಹೊರಟದ್ದು ಅದರ ನಂತರದ್ದು. ನಮ್ಮದೇ ಕವರಿನ ಒಬ್ಬರು, ಬೊಂಬಾಯಿಯಲ್ಲಿ ಎರಡು ಫ್ಲಾಟ್ ಇರುವವರು, ಬಹಳ ನಯವಾಗಿ ಮಾತಾಡಿದರು. "ನಮ್ಮ ಕವರಿನಲ್ಲಿ ಬೀಡಿ ಕಟ್ಟಿ ಬದುಕುವವರು ಇದ್ದಾರೆ. ನಮಗೆ ಎಲ್ಲರ ಹಾಗೆ ಹಾಕಬೇಡಿ" ಅಂದರು. ಸುಳ್ಳೇನಲ್ಲ. ನಮ್ಮ ಕವರಿನಲ್ಲಿ ಬೀಡಿ ಕಟ್ಟುವ ದೊಡ್ಡಮ್ಮ ಒಬ್ಬರಿದ್ದರು, ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದರು. ಕುಟುಂಬದ ಹಿರಿಯ ಮಾವ ಒಪ್ಪಿ, ನಮ್ಮ ಕವರಿಗೆ ಕಡಿಮೆ ಮಾಡಲು ನನಗೆ ಹೇಳಿದರು. ನಾನು ಬರೆಯುವಷ್ಟರಲ್ಲಿ ದೊಡ್ಡಮ್ಮ ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ಹೇಳಿದರು. "ನನ್ನ ಬಡತನ ಅವನಿಗೆ ಯಾಕೆ? ನನ್ನದು ನಾನು ಕೊಡ್ತೇನೆ. ಅವನದ್ದು ಅವ ಕೊಡ್ಲಿ."

ಯಾರೂ ನಗಲಿಲ್ಲ. ಬೊಂಬಾಯಿಯವರು ಮೊಬೈಲ್ ನೋಡಿದರು. ಸಭೆ ಅವತ್ತು ತೀರ್ಮಾನವಾಗಲಿಲ್ಲ, ಕಾಫಿ ಕುಡಿದು ಎದ್ದೆವು. ಕೊನೆಗೆ ಕೆಲಸ ಆದದ್ದು ಹೇಗೆ ಎಂದರೆ, ಅದೇ ಬೊಂಬಾಯಿಯವರು ಮಾಡಿನ ಖರ್ಚು ಪೂರ್ತಿ ನನ್ನದು ಎಂದು ಘೋಷಿಸಿದರು. ಷರತ್ತು ಒಂದೇ, ಬಾಗಿಲ ಪಕ್ಕ ಗ್ರಾನೈಟಿನಲ್ಲಿ ಹೆಸರು ಬೇಕು. ಹೆಸರು ಮೊದಲು ಬಂತು, ದುಡ್ಡು ಕಂತಿನಲ್ಲಿ ಬಂತು. ಸ್ವಲ್ಪ ಬಾಕಿ ಈಗಲೂ ಇದೆ ಅಂತ ಕಾಣುತ್ತದೆ. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಶ್ರೀಮಂತ ದೇಶಗಳು 2020ರೊಳಗೆ ಬಡ ದೇಶಗಳ ಹವಾಮಾನದ ಕೆಲಸಕ್ಕೆ ವರ್ಷಕ್ಕೆ 10,000 ಕೋಟಿ ಡಾಲರ್ ಕೂಡಿಸುತ್ತೇವೆ ಎಂದು ಘೋಷಿಸಿ, ಆ ಅಂಕಿ ಮುಟ್ಟಲು 2022ರವರೆಗೆ ತೆಗೆದುಕೊಂಡದ್ದು, ಕೊಟ್ಟದ್ದರಲ್ಲೂ ಬಹುಪಾಲು ಸಾಲವೇ ಆಗಿದ್ದದ್ದು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ದೋಹಾದ ಭಾವ

ಭಾವ ಕತಾರಿನಲ್ಲಿ ಎಸಿ ಟೆಕ್ನಿಷಿಯನ್. ಅವರು ರಜೆಯಲ್ಲಿ ಬರುವುದು ಜುಲೈ-ಆಗಸ್ಟಿನ ಆಟಿಯಲ್ಲಿ. ಅಲ್ಲಿ ಹೊರಗೆ ಕಾಲಿಡಲು ಆಗದ ಬಿಸಿಲು, ಇಲ್ಲಿ ಹೊರಗೆ ಕಾಲಿಡಲು ಆಗದ ಮಳೆ. ಮಳೆಯಲ್ಲಿ ಮಾಡಲು ಬೇರೆ ಕೆಲಸ ಇಲ್ಲದೆ ಪತ್ರೊಡೆ ತಿನ್ನುತ್ತಾ ಒಮ್ಮೆ ಅವರಿಗೆ ಈ ತಲೆಲೆಕ್ಕ ಹೇಳಿದೆ. ಜಗತ್ತಿನಲ್ಲಿ ತಲೆಗೆ ಅತಿ ಹೆಚ್ಚು ಕಾರ್ಬನ್ ಬಿಡುವ ದೇಶಗಳ ಪಟ್ಟಿಯ ತುದಿಯಲ್ಲಿ ಕತಾರ್ ಇರುತ್ತದೆ, ಒಬ್ಬನಿಗೆ 40 ಟನ್ನಿನ ಹತ್ತಿರ. ಅಂದರೆ ಭಾವ ಮಂಗಳೂರಿನಲ್ಲಿ ವಿಮಾನ ಹತ್ತುವಾಗ ಎರಡು ಟನ್ನಿನ ಮನುಷ್ಯ, ದೋಹಾದಲ್ಲಿ ಇಳಿಯುವಾಗ ನಲವತ್ತು ಟನ್ನಿನ ಮನುಷ್ಯ. ಭಾವ ತುಂಬಾ ಹೊತ್ತು ನಕ್ಕರು. "ಎಂಟು ಜನರ ರೂಮು ನಮ್ಮದು. ಬಂಕ್ ಬೆಡ್ಡಿನ ಕೆಳಗೆ ಒಂದು ಪೆಟ್ಟಿಗೆ ಇಡಲಿಕ್ಕೆ ಜಾಗ. ನನ್ನ ನಲವತ್ತು ಟನ್ ಎಲ್ಲಿ ಇಟ್ಟಿದ್ದಾರೆ ಅಂತ ಹೋಗಿ ಕೇಳ್ಬೇಕು."

ಕತಾರಿನಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಹೊರಗಿನಿಂದ ದುಡಿಯಲು ಹೋದವರು. ಭಾಗಿಸುವಾಗ ಅವರೆಲ್ಲರ ತಲೆ ಎಣಿಸುತ್ತಾರೆ. ಎಣಿಸಿಯೂ 40 ಟನ್. ಅದರಲ್ಲಿ ದೊಡ್ಡ ಪಾಲು ಯಾರ ಮನೆಯ ಎಸಿಯದ್ದೂ ಅಲ್ಲ. ನೆಲದಿಂದ ಅನಿಲ ತೆಗೆದು, ಅದನ್ನು ಮೈನಸ್ 160 ಡಿಗ್ರಿಗೆ ತಂಪು ಮಾಡಿ, ದ್ರವವಾಗಿಸಿ ಹಡಗಿಗೆ ತುಂಬುವ ಕೆಲಸಕ್ಕೆ ಸುಡುವ ಇಂಧನದ್ದು. ಆ ಹಡಗುಗಳಲ್ಲಿ ಎಷ್ಟೋ ಬರುವುದು ಭಾರತಕ್ಕೆ. ವರ್ಷಕ್ಕೆ 75 ಲಕ್ಷ ಟನ್ ಅನಿಲ ಕೊಳ್ಳುವ ಕರಾರನ್ನು 2024ರ ಫೆಬ್ರವರಿಯಲ್ಲಿ 2048ರವರೆಗೆ ಮುಂದುವರಿಸಿದ್ದೇವೆ. ನಮ್ಮೂರಿಗೂ ಈಗ ಪೈಪಿನಲ್ಲಿ ಅನಿಲ ಬರುತ್ತದೆ. ಕೊಚ್ಚಿಯಲ್ಲಿ ಹಡಗಿನಿಂದ ಇಳಿದ ಅನಿಲವನ್ನು ಮಂಗಳೂರಿಗೆ ತರುವ 450 ಕಿಲೋಮೀಟರ್ ಪೈಪ್‌ಲೈನ್ 2021ರ ಜನವರಿಯಲ್ಲಿ ಉದ್ಘಾಟನೆ ಆಯಿತು. ಪಣಂಬೂರಿನ ಗೊಬ್ಬರದ ಕಾರ್ಖಾನೆ ಅದರಿಂದ ಯೂರಿಯಾ ಮಾಡುತ್ತದೆ, ಯೂರಿಯಾ ಗದ್ದೆಗೆ ಹೋಗುತ್ತದೆ. ತಂಪು ಮಾಡುವಾಗಿನ ಹೊಗೆ ಮಾರಿದವನ ಖಾತೆಗೆ, ಇಲ್ಲಿ ಸುಟ್ಟದ್ದು ನಮ್ಮ ಖಾತೆಗೆ. ಮಧ್ಯದಲ್ಲಿ ಸಮುದ್ರ ದಾಟಿದ ಹಡಗಿನ ಹೊಗೆ ಯಾರ ಖಾತೆಗೂ ಇಲ್ಲ. ದೇಶದಿಂದ ದೇಶಕ್ಕೆ ಹೋಗುವ ಹಡಗು, ವಿಮಾನಗಳ ಇಂಧನವನ್ನು ಬೇರೆಯೇ ಬರೆದಿಡುತ್ತಾರೆ, ಯಾವ ದೇಶದ ಒಟ್ಟಿಗೂ ಕೂಡಿಸುವುದಿಲ್ಲ. ಬ್ಯಾಂಕಿನಲ್ಲಿ ಇದಕ್ಕೆ ಸಸ್ಪೆನ್ಸ್ ಅಕೌಂಟ್ ಎನ್ನುತ್ತಿದ್ದೆವು. ಅಲ್ಲಿ ಜಾಸ್ತಿ ದಿನ ಕೂತ ಎಂಟ್ರಿ ಕಂಡರೆ ಆಡಿಟರ್ ಬಿಡುತ್ತಿರಲಿಲ್ಲ. ಭಾವ ವರ್ಷಕ್ಕೊಮ್ಮೆ ಬಂದು ಹೋಗುವ ವಿಮಾನದಲ್ಲಿ ಅವರ ಪಾಲು ಸುಮಾರು ಅರ್ಧ ಟನ್. ಅದು ಆ ಖಾತೆಯಲ್ಲೇ ಉಳಿಯುತ್ತದೆ.

ಇನ್ನೊಂದು ತಮಾಷೆ ಉಂಟು. 1992ರ ಒಪ್ಪಂದದಲ್ಲಿ ಶ್ರೀಮಂತ ದೇಶಗಳ ಹೆಸರು ಬರೆದಿಟ್ಟರು. ಆ ಪಟ್ಟಿಯಲ್ಲಿ ಇಲ್ಲದವರೆಲ್ಲ ಅಭಿವೃದ್ಧಿ ಹೊಂದುತ್ತಿರುವವರು. ಕತಾರ್, ಕುವೈತ್, ಸೌದಿ, ಸಿಂಗಾಪುರ, ದಕ್ಷಿಣ ಕೊರಿಯಾ ಯಾವುದೂ ಆ ಪಟ್ಟಿಯಲ್ಲಿ ಇಲ್ಲ. ಹಾಗಾಗಿ 40 ಟನ್ನಿನ ಕತಾರ್ ಮತ್ತು 2 ಟನ್ನಿನ ಭಾರತ ಇವತ್ತಿಗೂ ಒಂದೇ ಸಾಲಿನಲ್ಲಿ ಕೂತಿವೆ. 2012ರ ಹವಾಮಾನ ಸಮ್ಮೇಳನ ನಡೆದದ್ದೂ ದೋಹಾದಲ್ಲೇ. ಪಟ್ಟಿ ಹಳತಾಯಿತು ಎಂದು ಶ್ರೀಮಂತರು ಹೇಳಿದರೆ ನಮಗೆ ಅನುಮಾನ, ಏಕೆಂದರೆ ಅವರು ಹೇಳುವುದು ತಮ್ಮ ಪಾಲು ಕಡಿಮೆ ಮಾಡಿಕೊಳ್ಳಲು. ಆದರೆ ಪಟ್ಟಿ ಹಳತಾದದ್ದು ನಿಜ. ಚೀನಾ 2006ರ ಸುಮಾರಿಗೇ ಅಮೆರಿಕವನ್ನು ದಾಟಿತು. ಚೀನಾದ ಜೊತೆ ಒಂದೇ ಬೆಂಚಿನಲ್ಲಿ ಕೂತು ವಾದ ಮಾಡಿದರೆ ನಮಗೆ ಲಾಭಕ್ಕಿಂತ ನಷ್ಟವೇ ಜಾಸ್ತಿ ಎಂಬುದು ನನ್ನ ಅಭಿಪ್ರಾಯ. ನಮ್ಮ ಎರಡು ಟನ್ನಿನ ಬಲ ಆ ಎಂಟು ಟನ್ನಿನ ನೆರಳಿನಲ್ಲಿ ಕಾಣುವುದಿಲ್ಲ.

ಯೆಲ್ಲೂರಿನ ಚಿಮಣಿ

ಮಂಗಳೂರಿನಿಂದ ಉಡುಪಿಗೆ ಬರುವಾಗ ಪಡುಬಿದ್ರಿ ದಾಟಿದರೆ ಬಲಗಡೆ ದೂರದಲ್ಲಿ ಚಿಮಣಿ ಕಾಣುತ್ತದೆ. ಯೆಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರ. 600 ಮೆಗಾವಾಟಿನ ಎರಡು ಘಟಕ, ಒಟ್ಟು 1,200. ಕಲ್ಲಿದ್ದಲು ಪೂರ್ತಿ ಹೊರದೇಶದ್ದು, ಪಣಂಬೂರಿನ ಬಂದರಿನಲ್ಲಿ ಇಳಿದು ರೈಲಿನಲ್ಲಿ ಬರುತ್ತದೆ. ಕರೆಂಟ್ ಘಟ್ಟ ಹತ್ತಿ ಹಾಸನದ ಕಡೆ ಹೋಗಿ ರಾಜ್ಯದ ಗ್ರಿಡ್ ಸೇರುತ್ತದೆ. ಸ್ಥಾವರ ಬರುವ ಮೊದಲಿನಿಂದಲೂ ಸುತ್ತಲಿನ ಊರಿನವರು ಪ್ರತಿಭಟನೆ ಮಾಡಿದ್ದಾರೆ, ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಗಿದೆ. ಪಕ್ಕದಲ್ಲೇ ಶಂಕರಪುರ, ಮಲ್ಲಿಗೆಯ ಊರು. ಬೆಳಗ್ಗೆ ಬೇಗ ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ, ಅಟ್ಟೆ ಲೆಕ್ಕದಲ್ಲಿ ಮಾರುವ ಮನೆಗಳು. ಅಲ್ಲಿ ನನಗೆ ಪರಿಚಯದ ಒಬ್ಬ ಅಕ್ಕ ಇದ್ದಾರೆ. ಗಿಡದ ಎಲೆಯ ಮೇಲೆ ಕೂತ ಧೂಳು ಬೆರಳಲ್ಲಿ ಒರೆಸಿ ತೋರಿಸಿ ಅವರು ಕೇಳಿದ್ದರು. "ಬೆಂಗಳೂರಿಗೆ ಕರೆಂಟು, ನಮಗೆ ಇದು. ಯಾವ ನ್ಯಾಯ?"

ಧೂಳು ಬೇರೆ, ಕಾರ್ಬನ್ ಬೇರೆ, ಅದು ನನಗೆ ಗೊತ್ತು. ಧೂಳು ಹತ್ತಿರದಲ್ಲೇ ಬೀಳುತ್ತದೆ, ಕಾರ್ಬನ್ ಜಗತ್ತಿಗೆಲ್ಲ ಹಂಚಿಹೋಗುತ್ತದೆ. ಆದರೆ ಅಕ್ಕನ ಪ್ರಶ್ನೆ ದೇಶಗಳ ನಡುವಿನ ಪ್ರಶ್ನೆಯೇ. ಸುಖ ಒಬ್ಬನಿಗೆ, ಹೊಗೆ ಇನ್ನೊಬ್ಬನಿಗೆ. ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ 2021ರಲ್ಲಿ ಕಲ್ಲಿದ್ದಲನ್ನು 'ನಿಲ್ಲಿಸುವುದು' ಎಂದಿದ್ದನ್ನು ಕೊನೆ ಗಳಿಗೆಯಲ್ಲಿ 'ಕಡಿಮೆ ಮಾಡುವುದು' ಎಂದು ಬದಲಿಸಲು ಭಾರತ ಪಟ್ಟು ಹಿಡಿಯಿತು. ಬಡವರಿಗೆ ಕರೆಂಟು ಬೇಡವಾ ಎಂದು ಕೇಳಿತು. ಬೇಕು. ಈಗಲೂ ದೇಶದ ಕರೆಂಟಿನಲ್ಲಿ ಹತ್ತರಲ್ಲಿ ಏಳು ಪಾಲು ಕಲ್ಲಿದ್ದಲಿನದ್ದೇ. ಕಲ್ಲಿದ್ದಲು, ಅನಿಲ, ಎಣ್ಣೆ ಸುಡದ ಸ್ಥಾವರಗಳ ಸಾಮರ್ಥ್ಯ ಅರ್ಧ ದಾಟಿದೆ ಎಂದು 2025ರಲ್ಲಿ, ಹೇಳಿದ್ದಕ್ಕಿಂತ ಐದು ವರ್ಷ ಮೊದಲೇ, ನಾವು ಹೆಮ್ಮೆಪಟ್ಟೆವು. ಹೆಮ್ಮೆಪಡುವ ವಿಷಯವೇ. ಆದರೆ ಸಾಮರ್ಥ್ಯ ಬೇರೆ, ರಾತ್ರಿ ಎಂಟು ಗಂಟೆಗೆ ಬರುವ ಕರೆಂಟು ಬೇರೆ. ಆ ಹೊತ್ತಿಗೆ ಎಸಿ ಹಾಕುವವರು ಯಾರು ಎಂದು ಗ್ಲಾಸ್ಗೋದಲ್ಲಿ ಯಾರೂ ಕೇಳಲಿಲ್ಲ. ಬಡವರ ಹೆಸರು ಹೇಳಿ ಉಳಿಸಿಕೊಂಡ ಕಲ್ಲಿದ್ದಲಿನಲ್ಲಿ ಬಡವರ ಮನೆಗೆ ಹೋಗುವುದು ಎಷ್ಟು?

ನಮ್ಮದೇ ಮನೆಯ ಬಿಲ್ಲು ತೆಗೆಯುತ್ತೇನೆ. ನಾಲ್ಕು ಜನ, ತಿಂಗಳಿಗೆ ಸರಾಸರಿ 300 ಯೂನಿಟ್. ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ವರ್ಷಕ್ಕೆ ಎರಡೂವರೆ ಟನ್. ಕಾರಿಗೆ ತಿಂಗಳಿಗೆ 40 ಲೀಟರ್ ಪೆಟ್ರೋಲ್, ಲೀಟರಿಗೆ 2.3 ಕಿಲೋ, ವರ್ಷಕ್ಕೆ ಒಂದು ಟನ್ನಿಗಿಂತ ಜಾಸ್ತಿ. ಗ್ಯಾಸ್ ಸಿಲಿಂಡರ್ ಒಂದಕ್ಕೆ 42 ಕಿಲೋದಷ್ಟು, ಹತ್ತು ಸಿಲಿಂಡರಿಗೆ ಇನ್ನೂ 400 ಕಿಲೋ. ಎಲ್ಲ ಸೇರಿ ನಾಲ್ಕು ಟನ್, ಅಂದರೆ ತಲೆಗೆ ಒಂದು. ಇದು ನೇರವಾಗಿ ಸುಟ್ಟದ್ದು ಮಾತ್ರ. ಮನೆಯ ಸಿಮೆಂಟು, ಕಂಬಿ, ಮಗಳ ಮದುವೆ, ಬೆಂಗಳೂರಿನ ಓಡಾಟ, ಅಂಗಡಿಯಿಂದ ತಂದ ಪ್ರತಿಯೊಂದೂ ಇದರ ಮೇಲೆ. ದೇಶದ ಎರಡು ಟನ್ನಿನ ಸರಾಸರಿಯಲ್ಲಿ ಅವೆಲ್ಲ ಸೇರಿದೆ. ಈಗ ನಮ್ಮ ಮನೆಗೆ ಮೀನು ತರುವ ಪಡುಕೆರೆಯ ಅಕ್ಕನ ಮನೆ ನೋಡಿ. ಐದು ಜನ, ತಿಂಗಳಿಗೆ 50 ಯೂನಿಟ್. ವರ್ಷಕ್ಕೆ 420 ಕಿಲೋ, ತಲೆಗೆ 84. ಕರೆಂಟಿನಲ್ಲಿ ಮಾತ್ರ ನೋಡಿದರೂ ನಮ್ಮ ತಲೆಗೆ 630. ಏಳೂವರೆ ಪಟ್ಟು. ಭಾರತಕ್ಕೂ ಅಮೆರಿಕಕ್ಕೂ ಇರುವ ಅಂತರ ಏಳು ಪಟ್ಟು.

ಅಕ್ಕನ ಗಂಡ ನಾಡದೋಣಿಯವರು, ಎಂಜಿನಿಗೆ ಸೀಮೆಎಣ್ಣೆ. ಅದು ಬದುಕುವ ಹೊಗೆ, ಅದಕ್ಕೆ ಕೈ ಹಾಕಬಾರದು. ಮಲ್ಪೆಯ ದೊಡ್ಡ ಬೋಟುಗಳ ಡೀಸೆಲ್ ಬಗ್ಗೆ ಹಾಗೆ ಹೇಳಲು ನನಗೆ ಧೈರ್ಯ ಬರುವುದಿಲ್ಲ. ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ. ಬೂತಾಯಿ ಮೀನು ಒಂದು ವರ್ಷ ರಾಶಿ ಬಿದ್ದರೆ ಇನ್ನೊಂದು ವರ್ಷ ಕಾಣಿಸುವುದಿಲ್ಲ, ಇದಕ್ಕೆ ಬಿಸಿಯ ಜೊತೆ ಅತಿಯಾಗಿ ಹಿಡಿದದ್ದೂ ಕಾರಣ. ಅಕ್ಕನ ಮನೆ ಹಿಂದೆ ಮಳೆಗಾಲದಲ್ಲಿ ಕಡಲು ಬಂದು ಕಲ್ಲಿಗೆ ಬಡಿಯುತ್ತದೆ. ಉಳ್ಳಾಲ, ಸೋಮೇಶ್ವರ, ಉಚ್ಚಿಲದಲ್ಲಿ ಮನೆಗಳೇ ಹೋಗಿವೆ. 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ದೂರದಲ್ಲೇ ಹಾದುಹೋದರೂ ಅಲ್ಲಿ ಕಡಲು ರಸ್ತೆಗೆ ಬಂದಿತ್ತು. ಉಳ್ಳಾಲದ ಕಡಲ್ಕೊರೆತಕ್ಕೆ ಬಿಸಿಯಾದ ಭೂಮಿಯೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಅಳಿವೆ ಬಾಗಿಲಿನ ಬ್ರೇಕ್‌ವಾಟರ್ ಮರಳಿನ ಹರಿವನ್ನು ತಡೆದದ್ದೂ ಉಂಟು, ಅದು ನಾವೇ ಕಟ್ಟಿದ್ದು. ಅದನ್ನು ಸರಿಮಾಡಲು ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನಿಂದ ಸಾಲ ತಂದು ಕಡಲಿಗೆ ಕಲ್ಲು ಹಾಕಿದ್ದೇವೆ. ಸಾಲ ತೀರಿಸುವವರಲ್ಲಿ ಪಡುಕೆರೆಯ ಅಕ್ಕನೂ ಇದ್ದಾರೆ, ಸಾಬೂನಿಗೆ ಕೊಡುವ ತೆರಿಗೆಯಲ್ಲಿ.

ಇದನ್ನು ಓದಿ ಕೆಲವರು ಹೇಳುವುದು ಗೊತ್ತು. ಒಳಗಿನ ಜಗಳ ಹೊರಗೆ ಹಾಕಬೇಡಿ, ಶ್ರೀಮಂತ ದೇಶಗಳಿಗೆ ಅದೇ ನೆಪ ಸಿಗುತ್ತದೆ. ಈ ಭಯ ನನಗೂ ಇದೆ. ಭಾರತದೊಳಗಿನ ಅಸಮಾನತೆ ತೋರಿಸಿ ಭಾರತದ ಪಾಲನ್ನೇ ಕಿತ್ತುಕೊಳ್ಳಲು ಹೊರಟವರು ಇದ್ದಾರೆ. ಅವರಿಗೆ ನಾನು ದೊಡ್ಡಮ್ಮನ ಲೆಕ್ಕವನ್ನೇ ಹೇಳುತ್ತೇನೆ. ಕವರಿಗೆ ಕಡಿಮೆ ಹಾಕಿದ್ದು ಸರಿ. ಬೊಂಬಾಯಿಯವರಿಗೆ ಎಷ್ಟು ಎಂಬುದು ಕವರಿನ ಒಳಗಿನ ಮಾತು, ಅದನ್ನು ಬೇರೆ ಕವರಿನವರು ಕೇಳಬೇಕಿಲ್ಲ. ನಾವು ಕೇಳಲೇಬೇಕು. ದೇಶ ಎಂಬ ಖಾತೆ ಬೇಕು, ಏಕೆಂದರೆ ಸಹಿ ಹಾಕುವುದು, ತೆರಿಗೆ ಹಾಕುವುದು, ಸ್ಥಾವರ ಮುಚ್ಚುವುದು ದೇಶಕ್ಕೆ ಮಾತ್ರ ಸಾಧ್ಯ. ಖಾತೆಯ ಒಳಗೆ ಯಾರ ಹೆಸರಿನಲ್ಲಿ ಎಷ್ಟು ಎಂದು ಬರೆಯದಿದ್ದರೆ ಅದು ನನ್ನಂಥವರಿಗೆ ಬಹಳ ಅನುಕೂಲದ ಖಾತೆ. ನಾನು ಅಕ್ಕನ ಹಿಂದೆ ನಿಂತು ಎರಡು ಟನ್ನಿನವನಾಗಿರುತ್ತೇನೆ.

ನಾನೂರು ರೂಪಾಯಿ

ಇದು ಆಗದ ಹೋಗದ ಆದರ್ಶದ ಮಾತೇನಲ್ಲ. ಭಾರತ ಒಮ್ಮೆ ಶುರು ಮಾಡಿತ್ತು. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿದರು. ದೇಶದ ಕಲ್ಲಿದ್ದಲಿಗೂ ಹೊರಗಿನಿಂದ ಬಂದದ್ದಕ್ಕೂ, ಅಂದರೆ ಯೆಲ್ಲೂರಿಗೆ ಬರುವುದಕ್ಕೂ. ಆ ದುಡ್ಡು ಶುದ್ಧ ಇಂಧನಕ್ಕೆ ಎಂದು ನಿಧಿಯನ್ನೂ ಮಾಡಿದರು. ಸೆಸ್ ಏರುತ್ತಾ 2016ಕ್ಕೆ 400 ರೂಪಾಯಿ ಆಯಿತು. ಬೇರೆ ಎಷ್ಟೋ ದೇಶಗಳು ಕಾರ್ಬನ್ ತೆರಿಗೆ ಹಾಕಬೇಕೋ ಬೇಡವೋ ಎಂದು ಸಭೆ ಮಾಡುತ್ತಿದ್ದಾಗ ನಮ್ಮಲ್ಲಿ ಆಗಲೇ ವಸೂಲಿ ನಡೆಯುತ್ತಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಅದೇ 400 ರೂಪಾಯಿ ರಾಜ್ಯಗಳ ತೆರಿಗೆ ನಷ್ಟ ತುಂಬುವ ಸೆಸ್ ಆಗಿ ಬದಲಾಯಿತು. ಸೌರ ಫಲಕಕ್ಕೂ ಇಲ್ಲ, ಕಡಲ ತಡೆಗೋಡೆಗೂ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಆ ಸೆಸ್ಸೂ ಹೋಯಿತು, ಬದಲಿಗೆ ಕಲ್ಲಿದ್ದಲಿನ ಜಿಎಸ್‌ಟಿ ಶೇ 5ರಿಂದ 18ಕ್ಕೆ ಏರಿತು. ಈಗ ಅದು ಬಿಸ್ಕತ್ತಿನ ತೆರಿಗೆ, ಸಿಮೆಂಟಿನ ತೆರಿಗೆಯ ಹಾಗೆ ಒಂದು ತೆರಿಗೆ. ಹೊಗೆಯ ಲೆಕ್ಕ ಅದರಲ್ಲಿ ಇಲ್ಲ. ಅವತ್ತು ಪತ್ರಿಕೆಗಳಲ್ಲಿ ಕಾರಿನ ಬೆಲೆ, ಟಿವಿಯ ಬೆಲೆ ಎಷ್ಟು ಇಳಿಯಿತು ಎಂಬ ಪಟ್ಟಿ ಬಂದಿತ್ತು. ಈ 400 ರೂಪಾಯಿ ಬಗ್ಗೆ ನನ್ನ ಕಣ್ಣಿಗೆ ಬಿದ್ದದ್ದು ಒಳಪುಟದ ಒಂದು ಸಣ್ಣ ಸುದ್ದಿ.

2026ರ ಜನವರಿಯಿಂದ ಯುರೋಪು ತನ್ನ ಗಡಿಯಲ್ಲಿ ಕಾರ್ಬನ್ನಿನ ಲೆಕ್ಕ ಕೇಳುತ್ತಿದೆ. ಅಲ್ಲಿಗೆ ಹೋಗುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟು, ಗೊಬ್ಬರ ತಯಾರಿಸುವಾಗ ಎಷ್ಟು ಹೊಗೆ ಬಿಟ್ಟಿರಿ, ಅದಕ್ಕೆ ದುಡ್ಡು ಕಟ್ಟಿ ಎಂಬ ನಿಯಮ. ಇದು ರಿಯೋದಲ್ಲಿ ಒಪ್ಪಿದ್ದಕ್ಕೆ ವಿರುದ್ಧ ಎಂದು ಭಾರತ ಹೇಳುತ್ತಿದೆ. ನನ್ನ ಮಟ್ಟಿಗೆ ಭಾರತದ್ದೇ ಸರಿ. ತಾವು ಇನ್ನೂರು ವರ್ಷ ಸುಂಕವಿಲ್ಲದೆ ಸುಟ್ಟು ಈಗ ಗಡಿಯಲ್ಲಿ ಟೋಲ್ ಹಾಕಿ ಕೂತಿದ್ದಾರೆ. ಆದರೆ ಆ ನಿಯಮದಲ್ಲೇ ಇನ್ನೊಂದು ಸಾಲು ಇದೆ. ಸರಕು ತಯಾರಾದ ದೇಶದಲ್ಲಿ ಆಗಲೇ ಕಾರ್ಬನ್ನಿಗೆ ಬೆಲೆ ಕಟ್ಟಿದ್ದರೆ ಅಷ್ಟನ್ನು ಕಳೆಯುತ್ತಾರೆ. ಅಂದರೆ ದುಡ್ಡು ಹೇಗೂ ಹೋಗುತ್ತದೆ, ಬ್ರಸೆಲ್ಸಿಗೋ ದೆಹಲಿಗೋ ಎಂಬುದಷ್ಟೇ ಪ್ರಶ್ನೆ. ದೆಹಲಿಯೇ ವಸೂಲಿ ಮಾಡಲಿ, ಎಸಿ ಹಾಕುವ ನನ್ನಿಂದಲೂ ಮಾಡಲಿ. 300 ಯೂನಿಟ್ ಸುಡುವವನಿಗೆ ತಿಂಗಳಿಗೆ ನೂರಿನ್ನೂರು ರೂಪಾಯಿ ಜಾಸ್ತಿಯಾದರೆ ಮನೆ ಮುಳುಗುವುದಿಲ್ಲ. 50 ಯೂನಿಟಿನ ಮನೆಗೆ ಅದರಿಂದ ಒಂದು ರೂಪಾಯಿಯೂ ಬೀಳಬಾರದು. ಈ ಸಲ ಆ ದುಡ್ಡು ಬೇರೆ ಯಾವುದೋ ಹೊಂಡ ತುಂಬಲು ಹೋಗದ ಹಾಗೆ ನೋಡಿಕೊಳ್ಳುವವರು ಬೇಕು. ನಮ್ಮ ಎರಡು ಜಿಲ್ಲೆಗಳಿಂದ ಪಾರ್ಲಿಮೆಂಟಿಗೆ ಹೋದವರು ಕಡಲ್ಕೊರೆತದ ಬಗ್ಗೆ ಪ್ರತಿ ಮಳೆಗಾಲದಲ್ಲೂ ಮಾತಾಡುತ್ತಾರೆ, ಕಲ್ಲು ಹಾಕಲು ಅನುದಾನ ಕೇಳುತ್ತಾರೆ. ಮುಂದಿನ ಸಲ ಈ ನಾನೂರು ರೂಪಾಯಿ ಎಲ್ಲಿ ಹೋಯಿತು ಅಂತಲೂ ಕೇಳಲಿ.